ಗಂಡನ ಹೆಸರಿನ ಜಾಗದ ಇಟ್ಟಿಗೆಗಳು

ಆ ವಾರದ ಪಟ್ಟಿಯಲ್ಲಿ ಕರಜಗಿಯ ದ್ರೌಪದಿಯ ಹೆಸರಿರಲಿಲ್ಲ.

ಇರಲೇಬೇಕಾಗಿತ್ತು. ಅಫಜಲಪುರದ ತಾಯಿ-ಮಗು ಕೇಂದ್ರದಲ್ಲಿ ಪ್ರತಿ ಸೋಮವಾರ ಮಧ್ಯಾಹ್ನ ಕಂಪ್ಯೂಟರು ಒಂದು ಪಟ್ಟಿ ಅಚ್ಚು ಹಾಕಿ ಕೊಡುತ್ತಿತ್ತು: ಬರುವ ಹದಿನೈದು ದಿನಗಳಲ್ಲಿ ಹೆರುವವರು ಯಾರು, ಅವರಲ್ಲಿ ರಕ್ತದ ಗುಂಪು ನೆಗೆಟಿವ್ ಇರುವವರು ಯಾರು. ನೆಗೆಟಿವ್ ಇದ್ದವಳ ಕೂಸಿನ ರಕ್ತ ಪಾಸಿಟಿವ್ ಆದರೆ, ಹೆರಿಗೆಯಾದ ಮೂರು ದಿನದೊಳಗೆ ತಾಯಿಗೆ ಒಂದು ಇಂಜಕ್ಷನ್ ಬೀಳಬೇಕು. ಬೀಳದಿದ್ದರೆ ಈಗಿನ ಕೂಸಿಗೇನೂ ಆಗುವುದಿಲ್ಲ. ಮುಂದಿನ ಕೂಸು ಹೊಟ್ಟೆಯಲ್ಲೇ ಹೋಗಬಹುದು. ದಿನಕ್ಕೆ ಏಳೇ ತಾಸು ಕರೆಂಟು ಇರುತ್ತಿದ್ದ ಆ ದಿನಗಳಲ್ಲಿ ಇಂಜಕ್ಷನ್ನನ್ನು ಫ್ರಿಜ್ಜಿನಲ್ಲಿ ಕೂಡಿಡುವಂತಿರಲಿಲ್ಲ. ಪಟ್ಟಿ ನೋಡಿ, ಬೇಕಾದಷ್ಟನ್ನೇ ಗುಲಬರ್ಗಾದಿಂದ ಬರ್ಫು ತುಂಬಿದ ಥರ್ಮಾಸಿನಲ್ಲಿ ತರಿಸುತ್ತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಥರ್ಮಾಸಿನಲ್ಲಿ ಇಂಜಕ್ಷನ್ನೂ ಇಲ್ಲ.

ದ್ರೌಪದಿ ಶನಿವಾರ ನಸುಕಿನಲ್ಲಿ ಹೆತ್ತಳು. ಸೋಮವಾರ ಅವಳನ್ನು ಮನೆಗೆ ಕಳಿಸುವಾಗ ಹಿರಿಯ ನರ್ಸ್ ಮರೆಮ್ಮ ಅವಳ ಸೆರಗಿನ ಗಂಟಿನಲ್ಲಿದ್ದ ಚೀಟಿಯನ್ನು ಬಿಚ್ಚಿ ನೋಡಿದಳು. ಕೆಂಪು ಶಾಯಿಯಲ್ಲಿ ‘ನೆಗೆಟಿವ್’ ಎಂದಿತ್ತು. ಮರೆಮ್ಮ ಥರ್ಮಾಸು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು. ಗುಲಬರ್ಗಾಕ್ಕೆ ಹೋಗಿಬಂದು ಸೂಜಿ ಚುಚ್ಚಿದಾಗ ಹೆರಿಗೆಯಾಗಿ ಅರವತ್ತಾರು ತಾಸು ಕಳೆದಿತ್ತು. ಇನ್ನು ಆರು ತಾಸು ಮಾತ್ರ ಬಾಕಿ.

ಆ ಪಟ್ಟಿಯ ಪ್ರೋಗ್ರಾಮು ಬರೆದವಳು ಸುಭದ್ರಾಬಾಯಿ. ಆಳಂದ ತಾಲೂಕಿನ ಮಟಕಿಯವಳು, ಗುಲಬರ್ಗಾದಲ್ಲಿ ಇಂಜಿನಿಯರಿಂಗ್ ಓದಿದವಳು. ಗಂಡ ಜೇವರ್ಗಿಯಲ್ಲಿ ಮಾಸ್ತರ. ಇವಳು ಅಫಜಲಪುರದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದಳು. ಬಾಗಿಲಿಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡಿ, ಓಣಿಯ ತಿರುವಿನಿಂದ ಮತ್ತೆ ವಾಪಸು ಬಂದು ನಾಲ್ಕನೆಯ ಸಲ ಎಳೆಯುವ ಸ್ವಭಾವ. ಅಂಥವಳ ಪಟ್ಟಿಯಲ್ಲೇ ಒಂದು ಹೆಸರು ಬಿಟ್ಟುಹೋಗಿತ್ತು.

ಮಂಗಳವಾರ ಡಾಕ್ಟರ್ ಶಾಂತಲಿಂಗಪ್ಪ ಅವಳನ್ನು ಕರೆಸಿದರು. ಕೇಂದ್ರ ನಡೆಸುವವರು ಅವರೇ.

“ಸುಭದ್ರಾಬಾಯಿ, ತಪ್ಪು ಮಿಷನ್ನಿಂದೋ, ಟೈಪ್ ಮಾಡಾಕಿದೋ?”

“ನಜಮುನ್ನಿಸಾ ಟೈಪ್ ಮಾಡ್ಯಾಳ್ರಿ. ದಿನಾ ಎಷ್ಟು ಬಸುರಿಯರ ಕಾರ್ಡ್ ಒಳಗ ಹಾಕಿದ್ಲು ಅಂತ ಪ್ರೋಗ್ರಾಮು ಎಣಿಸ್ತದ. ಜನವರಿಯಿಂದ ಆರುನೂರಾ ನಲವತ್ತೆರಡು ಆಗ್ಯಾವ.” ಮುಂದಿನ ಮಾತನ್ನು ಮುಂಜಾನೆಯಿಂದ ತೂಗಿ ನೋಡುತ್ತಿದ್ದಳು. “ಇವತ್ತು ಡಿಸ್ಕಿನ್ಯಾಗಿದ್ದ ಕಾರ್ಡ್ ಎಲ್ಲಾ ಒಂದೊಂದಾಗಿ ತಗದು ಎಣಿಸಿದೆ. ಆರುನೂರಾ ಹನ್ನೊಂದೇ ಅದಾವ.”

ಡಾಕ್ಟರು ಕನ್ನಡಕ ತೆಗೆದರು. “ಮೂವತ್ತೊಂದು ಹೆಣ್ಮಕ್ಕಳು?”

“ಎಲ್ಲೂ ಇಲ್ರಿ.”

“ಯಾರು ಅಂತರೆ ಗೊತ್ತದೇನು?”

“ಅದೇ ಗೊತ್ತಿಲ್ರಿ. ಚೀಟಿ ಅವರವರ ಮನ್ಯಾಗ ಇರ್ತಾವ. ರಜಿಸ್ಟರ್ ಬರಿಯೋದು ಬಿಟ್ಟು ಎರಡು ತಿಂಗಳಾತು.”

ಡಾಕ್ಟರು ಕಿಟಕಿಯ ಹೊರಗೆ ನೋಡಿದರು. ಸಿಟ್ಟು ಮಾಡುವ ಮನುಷ್ಯನಲ್ಲ. ಅದಕ್ಕೇ ಅವರ ಮಾತು ಹೆಚ್ಚು ನಾಟುತ್ತಿತ್ತು. “ಆಳಂದಕ್ಕ, ಜೇವರ್ಗಿಗಿ ಇದೇ ಪ್ರೋಗ್ರಾಮು ಕಳಸಬೇಕಂತ ಇದ್ದೆ. ಬರೋ ಸೋಮವಾರದ ಪಟ್ಟಿ ನಂಬಬಹುದು ಅಂತ ನೀವು ಕೈಯಾರೆ ಬರದು ಕೊಡ್ರಿ. ಇಲ್ಲಂದ್ರ ಮಂಗಳವಾರ ಮತ್ತ ರಜಿಸ್ಟರ್ ಹಚ್ಚೋಣು.”

ರಜಿಸ್ಟರ್ ಹಚ್ಚಿದರೆ ಹಚ್ಚಲಿ, ಸುಭದ್ರಾಳಿಗೆ ಅದರ ಚಿಂತೆ ಇರಲಿಲ್ಲ. ಆ ಮೂವತ್ತೊಂದು ಜನರಲ್ಲಿ ಇನ್ನೊಬ್ಬಳು ನೆಗೆಟಿವ್ ಇದ್ದರೆ? ಇವತ್ತೋ ನಾಳೆಯೋ ಅವಳಿಗೆ ಬೇನೆ ತಿಂದರೆ? ಕಾರ್ಡುಗಳು ಯಾಕೆ ಹೋಗುತ್ತವೆ ಎಂಬುದು ತಿಳಿಯದೆ ಯಾರವು ಹೋದವು ಎಂಬುದು ತಿಳಿಯುವಂತಿರಲಿಲ್ಲ.

*

ಕಾರ್ಡುಗಳನ್ನು ಡಿಸ್ಕಿನಲ್ಲಿ ಇಡುವ, ಹುಡುಕಿ ತೆಗೆಯುವ ಕೆಲಸವನ್ನು ಸುಭದ್ರಾ ತಾನೇ ಬರೆದಿರಲಿಲ್ಲ. ದೂರದ ಯಾವುದೋ ವಿಶ್ವವಿದ್ಯಾಲಯದವರು ಅದಕ್ಕೆಂದೇ ‘ಲೈಬ್ರರಿ’ ಎಂಬ ಒಂದು ಸಿದ್ಧ ಪ್ರೋಗ್ರಾಮು ಬರೆದು ಎಲ್ಲರಿಗೂ ಹಂಚಿದ್ದರು. ಕಾಲೇಜಿನ ಪ್ರಾಧ್ಯಾಪಕರೊಬ್ಬರು ಅದನ್ನು ನಾಲ್ಕು ಫ್ಲಾಪಿಗಳಲ್ಲಿ ತುಂಬಿ ಕೊಟ್ಟಿದ್ದರು. ಬೇರೆ ಪ್ರೋಗ್ರಾಮಿನ ಹೊಟ್ಟೆಯೊಳಗೇ ಕೂತು ಸದ್ದಿಲ್ಲದೆ ಕೆಲಸ ಮಾಡುವ ಡೇಟಾಬೇಸು ಅದು. ಬಂದದ್ದು ಬರೀ ಬರಹದ ರೂಪದಲ್ಲಿ. ಅದನ್ನು ತಮ್ಮ ಯಂತ್ರಕ್ಕೆ ತಿಳಿಯುವ ರೂಪಕ್ಕೆ ಇಳಿಸಿ ತಾವೇ ಕಟ್ಟಿಕೊಳ್ಳಬೇಕು. ಜೊತೆಗೆ ಬಂದ ಕಾಗದಗಳ ಕೊನೆಯ ಪುಟದಲ್ಲಿ, ತಪ್ಪು ಹುಡುಕುವವರು ಯಾವ ಯಾವ ಆಯ್ಕೆ ಹಾಕಿ ಕಟ್ಟಬೇಕು ಎಂದು ಐದು ಸಾಲುಗಳಿದ್ದವು. ಜನವರಿಯಲ್ಲಿ ಅವಳು ಆ ಪುಟವನ್ನು ಓದಿ, ಇದು ಬೇಕಾಗಲಿಕ್ಕಿಲ್ಲ ಎಂದು ಮಡಚಿ ಡ್ರಾವರಿನಲ್ಲಿ ಇಟ್ಟಿದ್ದಳು.

ಈಗ ಅದನ್ನು ಬಿಡಿಸಿ ಮೇಜಿನ ಮೇಲೆ ಹರಡಿದಳು. ಮೊದಲನೆಯದು, ಪ್ರೋಗ್ರಾಮನ್ನು ಯಾವ ಸಾಲಿನಲ್ಲಿ ಬೇಕಾದರೂ ನಿಲ್ಲಿಸಿ ಒಳಗೆ ಇಣುಕಲು ಬರುವಂತೆ ಕಟ್ಟುವುದು. ಎರಡನೆಯದು, ಲೈಬ್ರರಿ ಹೆಜ್ಜೆಹೆಜ್ಜೆಗೂ ಕಾರ್ಡು ಇಡುವ ತನ್ನ ಕಪಾಟುಗಳನ್ನು ತಾನೇ ತಪಾಸಣೆ ಮಾಡಿಕೊಂಡು, ಏನಾದರೂ ಹಾಳಾಗಿದ್ದರೆ ಅಲ್ಲೇ ನಿಂತು ಕೂಗುವಂತೆ ಕಟ್ಟುವುದು. ಮೂರನೆಯದು, ಮೆಮರಿಯ ತುಣುಕನ್ನು ಕೊಡುವ ಮೊದಲು ಸೊನ್ನೆ ತುಂಬಿ ಸ್ವಚ್ಛ ಮಾಡುವುದು. ನಾಲ್ಕನೆಯದು, ಸೊನ್ನೆಯ ಬದಲು ಅದರ ತುಂಬ ಒಂದೇ ಬಗೆಯ ಗುರುತು ಬಳಿಯುವುದು. ಐದನೆಯದು, ಇಟ್ಟದ್ದು ತೆಗೆದದ್ದು ಎಲ್ಲವನ್ನೂ ದಿನಚರಿಯ ಹಾಗೆ ಬರೆದಿಡುವುದು.

ಐದನ್ನೂ ಒಟ್ಟಿಗೆ ಹಾಕಿ ನೋಡೋಣವೆಂದರೆ, ಯಾವ ಔಷಧಿಯಿಂದ ಯಾವ ಬದಲಾವಣೆ ಆಯಿತೆಂಬುದೇ ತಿಳಿಯದು. ಒಂದೊಂದಾಗಿ ನೋಡೋಣವೆಂದರೆ, ಗುಲಬರ್ಗಾದ ಒಬ್ಬ ದಾನಿ ಕೊಟ್ಟ ಆ ಹಳೆಯ ಕಂಪ್ಯೂಟರು ಲೈಬ್ರರಿಯನ್ನು ಪೂರ್ತಿ ಕಟ್ಟಲು ಎರಡು ತಾಸಿಗಿಂತ ಹೆಚ್ಚು ತೆಗೆದುಕೊಳ್ಳುತ್ತಿತ್ತು. ಕರೆಂಟು ಇರುತ್ತಿದ್ದದ್ದು ಮುಂಜಾನೆ ಆರರಿಂದ ಒಂಬತ್ತು, ಮಧ್ಯಾಹ್ನ ಹನ್ನೆರಡರಿಂದ ನಾಲ್ಕು. ಮಧ್ಯಾಹ್ನ ಅದೇ ಕಂಪ್ಯೂಟರಿನ ಮುಂದೆ ಬಸುರಿಯರ ಸಾಲು. ಅಂದರೆ ಮುಂಜಾನೆಗೆ ಒಂದೇ ಬಿಲ್ಡ್, ಒಂದೇ ಸಲ ಕಟ್ಟುವುದು. ಬುಧವಾರ, ಗುರುವಾರ, ಶುಕ್ರವಾರ, ಶನಿವಾರ. ಭಾನುವಾರ ಕೌಂಟರಿಗೆ ಬೀಗ, ಸೋಮವಾರದ ಮುಂಜಾನೆ ತಿದ್ದಿದ್ದನ್ನು ಕಟ್ಟಲು ಬೇಕು. ನಾಲ್ಕು ಮುಂಜಾನೆ, ಐದು ಆಯ್ಕೆ.

*

ಬುಧವಾರ ಆರಕ್ಕೆ ಐದು ನಿಮಿಷವಿದ್ದಾಗಲೇ ಸ್ವಿಚ್ಚಿನ ಹತ್ತಿರ ನಿಂತಿದ್ದಳು. ಮೊದಲ ಆಯ್ಕೆ. ಎಂಟೂಕಾಲಿಗೆ ಕಟ್ಟಿ ಮುಗಿಯಿತು. ದ್ರೌಪದಿಯ ಚೀಟಿಯನ್ನು ಮುಂದಿಟ್ಟುಕೊಂಡು, ಸೋಮವಾರ ಕರೆದೊಯ್ಯಲು ಬಂದ ಮನೆಯವರನ್ನು ಕೇಳಿ ಮರೆಮ್ಮ ಅದರಲ್ಲಿ ತುಂಬಿದ್ದ ವಿವರಗಳನ್ನೆಲ್ಲ ಒಂದಕ್ಷರ ಬಿಡದೆ ಟೈಪ್ ಮಾಡಿದಳು: ಊರು, ಹೆಸರು, ಗಂಡನ ಹೆಸರು, ರಕ್ತದ ಗುಂಪು, ಹೆರಿಗೆಯ ತಾರೀಖು. ಊರು, ಹೆಸರು, ಗಂಡನ ಹೆಸರು ಮೂರನ್ನೂ ಸೇರಿಸಿದರೆ ಒಂದು ಕಾರ್ಡಿನ ಗುರುತು. ಒಂದೇ ಊರಿನಲ್ಲಿ ಆರು ಜನ ದ್ರೌಪದಿಯರಿದ್ದರೂ ಗೊಂದಲವಾಗಬಾರದೆಂದು ಅವಳೇ ಮಾಡಿದ ವ್ಯವಸ್ಥೆ. ಸಾಲುಸಾಲಾಗಿ ನಿಲ್ಲಿಸುತ್ತ ಒಳಗೆ ಇಣುಕಿದಳು. ಕಾರ್ಡು ನೆಟ್ಟಗೆ ಒಳಗೆ ಹೋಯಿತು. ಕರೆದರೆ ನೆಟ್ಟಗೆ ಹೊರಗೆ ಬಂತು. ಐದು ಸಲ ಹಾಕಿದಳು, ಐದು ಸಲವೂ ಬಂತು.

ತಪ್ಪು ಸಿಕ್ಕಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಗುರುವಾರ ಎರಡನೆಯ ಆಯ್ಕೆ. ಹೆಜ್ಜೆಹೆಜ್ಜೆಗೂ ತಪಾಸಣೆ ಮಾಡುವ ಆ ಬಿಲ್ಡನ್ನು ಮಧ್ಯಾಹ್ನ ಕೌಂಟರಿನಲ್ಲೇ ಓಡಿಸಿದಳು. ಟೈಪ್ ಮಾಡುವ ನಜಮುನ್ನಿಸಾಳ ಹಿಂದೆ ಸ್ಟೂಲು ಹಾಕಿಕೊಂಡು ಕೂತು ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಒಂದೊಂದು ಕಾರ್ಡಿಗೆ ಮೂರು ಮೂರು ನಿಮಿಷ. ಸಾಲಿನಲ್ಲಿ ನಿಂತವರು ಸೊಂಟಕ್ಕೆ ಕೈ ಕೊಟ್ಟರು.

“ಏನ್ ಬೇ ನಜಮು, ನಿನ್ನ ಮಿಷನ್ನಿಗೂ ದಿನ ತುಂಬ್ಯಾವೇನು? ಏದುಸಿರು ಬಿಡಾಕತ್ತದ.”

“ಹಿಂಗೇ ನಡದ್ರ ನಾ ಇಲ್ಲೇ ಹಡೀತೀನಿ ನೋಡು. ಕಾರ್ಡಿನ್ಯಾಗ ಕೂಸಿನ ಹೆಸರೂ ಒಮ್ಮೇ ಬರದುಬಿಡು.”

“ಕೂಸಿಗಿ ಮಿಷನ್ನಪ್ಪ ಅಂತ ಇಡೋಣೇನು?” ಎಂದಳು ನಜಮುನ್ನಿಸಾ, ಕೀಲಿಮಣೆಯಿಂದ ತಲೆ ಎತ್ತದೆ. ಸಾಲು ನಕ್ಕಿತು. ಸುಭದ್ರಾ ನಗಲಿಲ್ಲ; ಅವಳು ಲೈಬ್ರರಿಯ ಕೂಗಿಗೆ ಕಾಯುತ್ತಿದ್ದಳು. ಅದು ಕೂಗಲೇ ಇಲ್ಲ. ನಾಲ್ಕು ಗಂಟೆಗೆ ಎಣಿಸಿದರೆ, ಟೈಪ್ ಮಾಡಿದ್ದು ಹದಿನೇಳು, ಡಿಸ್ಕಿನಲ್ಲಿ ಇದ್ದದ್ದು ಹದಿನೈದು.

ಅವಳ ಕಣ್ಣೆದುರಿಗೇ ಇಬ್ಬರು ಕಾಣೆಯಾಗಿದ್ದರು. ಲೈಬ್ರರಿಯ ಕಪಾಟುಗಳು ಮಾತ್ರ ಎಲ್ಲ ಗಟ್ಟಿಮುಟ್ಟು. ಹಾಗಾದರೆ ತಪ್ಪು ಆ ದೂರದ ವಿಶ್ವವಿದ್ಯಾಲಯದವರದಲ್ಲ. ಸಂಜೆ ಕೋಣೆಗೆ ಹೋಗಿ ರೊಟ್ಟಿ ಮುರಿಯುತ್ತ ಆ ಮಾತನ್ನು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು. “ತಪ್ಪು ನಂದೇ.” ಹೇಳಿದ ಮೇಲೆ ವಿಚಿತ್ರವಾಗಿ ಸ್ವಲ್ಪ ಹಗುರಾಯಿತು. ಹುಡುಕುವ ಜಾಗ ಅರ್ಧಕ್ಕೆ ಇಳಿದಿತ್ತು.

ಶುಕ್ರವಾರ ಮೂರನೆಯ ಆಯ್ಕೆ, ಸೊನ್ನೆ ತುಂಬುವುದು. ಅವಳ ಪ್ರೋಗ್ರಾಮು ಕಾರ್ಡಿನ ಗುರುತು ಬರೆದುಕೊಳ್ಳಲು ಬೇಕಾದ ಮೆಮರಿಯನ್ನೂ ಲೈಬ್ರರಿಯ ಕಡೆಯಿಂದಲೇ ಪಡೆಯುತ್ತಿತ್ತು. ಹಾಗೆ ಪಡೆದ ತುಣುಕು ಧರ್ಮಶಾಲೆಯ ಕೋಣೆಯಿದ್ದಂತೆ. ಹಿಂದಿನವರು ಬಿಟ್ಟುಹೋದ ಕಸ ಹಾಗೇ ಇರುತ್ತದೆ. ಈ ಆಯ್ಕೆ ಹಾಕಿದರೆ ಕೋಣೆ ಗುಡಿಸಿ ಕೊಡುತ್ತದೆ. ಆ ಮಧ್ಯಾಹ್ನ ಇಪ್ಪತ್ತೆರಡು ಕಾರ್ಡು ಟೈಪ್ ಆದವು. ಎಣಿಸಿದರೆ ಇಪ್ಪತ್ತೆರಡೂ ಇದ್ದವು. ಎರಡನೆಯ ಸಲ ಎಣಿಸಿದಳು, ಮೂರನೆಯ ಸಲ ಎಣಿಸಿದಳು.

ಡಾಕ್ಟರ ಮುಖ ಅರಳಿತು. “ಆತಲ್ಲ ಮತ್ತ! ಇದನ್ನೇ ಇಟ್ಟುಬಿಡ್ರಿ.”

“ಇಲ್ರಿ ಸಾಹೇಬ್ರ.”

“ಯಾಕ? ಎಲ್ಲಾ ಬಂದಾವಂತ ನೀವೇ ಹೇಳಾಕತ್ತೀರಿ.”

“ಬಂದಾವ್ರಿ. ಯಾಕ ಬಂದಾವ ಅಂತ ನನಗ ಗೊತ್ತಿಲ್ಲ.” ಅವಳು ಎಣಿಕೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು. “ಇದು ಗಾಯದ ಮ್ಯಾಲ ಪಟ್ಟಿ ಕಟ್ಟಿದಂಗ. ಇನ್ನ ಮುಂದ ಬರಾವ್ರು ಉಳೀತಾರ. ಆ ಮೂವತ್ತೊಂದು ಮಂದಿ? ನಿನ್ನೆ ಹೋದ ಇಬ್ರು? ಅವ್ರು ಯಾರು ಅಂತ ಹ್ಯಾಂಗ ಗೊತ್ತಾಗಬೇಕು?”

“ಸೋಮವಾರಕ್ಕ ಎರಡೇ ದಿನ ಅದಾವ.”

“ಒಂದು ಮುಂಜಾನಿ ಅದರಿ. ನಾಳಿಗಿ ರೋಗ ವಾಪಸ್ ಬರಬೇಕು. ಬಂದೇ ಬರಬೇಕು, ಹಂಗ ಕಟ್ತೇನಿ.”

ಡಾಕ್ಟರು ಹಾಳೆಯನ್ನು ಮಡಚಿ ಅವಳ ಕೈಗೇ ವಾಪಸು ಕೊಟ್ಟರು. “ನಾವು ರೋಗ ಹೋಗ್ಲಿ ಅಂತೀವಿ, ನೀವು ಬರ್ಲಿ ಅಂತೀರಿ,” ಎಂದು ತಲೆ ಅಲ್ಲಾಡಿಸಿ ಒಳಗೆ ಹೋದರು.

*

ಶನಿವಾರ ಉಳಿದ ಎರಡೂ ಆಯ್ಕೆಗಳನ್ನು ಸೇರಿಸಿ ಕಟ್ಟಿದಳು. ಕೋಣೆ ಗುಡಿಸುವ ಬದಲು ಅದರ ತುಂಬ ಒಂದೇ ಗುರುತು ಬಳಿಯುವುದು; ಜೊತೆಗೆ ದಿನಚರಿ. ಆ ಗುರುತು ಪರದೆಯ ಮೇಲೆ ಹೇಗೆ ಕಾಣುತ್ತದೆಂದು ಮೊದಲು ನೋಡಿಕೊಂಡಳು. ಒಂದು ಅಕ್ಷರದಷ್ಟು ಜಾಗವನ್ನು ಪೂರ್ತಿ ತುಂಬುವ ಬೆಳ್ಳನೆಯ ಚೌಕ, ಥೇಟ್ ಇಟ್ಟಿಗೆ. ಕಸವಾದರೆ ಯಾರದೆಂದು ಹೇಳಲು ಬರುವುದಿಲ್ಲ. ಇಟ್ಟಿಗೆ ಕಂಡಿತೆಂದರೆ, ಅಲ್ಲಿ ಯಾರೂ ಏನೂ ಇಟ್ಟಿಲ್ಲವೆಂದೇ ಅರ್ಥ.

ಮಧ್ಯಾಹ್ನ ಇಪ್ಪತ್ತು ಕಾರ್ಡು ಟೈಪ್ ಆದವು. ಡಿಸ್ಕಿನಲ್ಲಿ ಹದಿನೇಳು. ಸುಭದ್ರಾ ದಿನಚರಿಯನ್ನು ತೆರೆದು ಬೆರಳಿಟ್ಟುಕೊಂಡು ಓದುತ್ತ ಇಳಿದಳು. ನಾಲ್ಕನೆಯ ಕಾರ್ಡಿನ ಸಾಲಿನಲ್ಲಿ ಬೆರಳು ನಿಂತಿತು. ಊರು ಇತ್ತು, ಹೆಸರು ಇತ್ತು. ಗಂಡನ ಹೆಸರಿನ ಜಾಗದಲ್ಲಿ ಮಾತ್ರ ಉದ್ದಕ್ಕೂ ಇಟ್ಟಿಗೆಗಳ ಸಾಲು. ಆ ಹೆಸರಿನ ಉದ್ದ ಎಷ್ಟೆಂದು ಬರೆಯುವ ಕಡೆ ಐವತ್ತಾರು ಸಾವಿರ ಚಿಲ್ಲರೆ. ಕೊನೆಯಲ್ಲಿ ಲೈಬ್ರರಿ ಬರೆದ ಒಂದೇ ಮಾತು: ಕಾರ್ಡಿನ ಗುರುತು ಇಷ್ಟು ಉದ್ದ ಆಗದು, ತೆಗೆದುಕೊಳ್ಳಲಿಲ್ಲ. ಒಂಬತ್ತನೆಯದೂ ಹಾಗೆಯೇ. ಹದಿನಾರನೆಯದೂ ಹಾಗೆಯೇ.

ಲೈಬ್ರರಿ ದಿನವೂ ಬೇಡವೆಂದೇ ಹೇಳುತ್ತಿತ್ತು. ಅದು ಹೇಳಿದ್ದನ್ನು ಕೇಳುವ ಸಾಲನ್ನೇ ಸುಭದ್ರಾ ತನ್ನ ಪ್ರೋಗ್ರಾಮಿನಲ್ಲಿ ಬರೆದಿರಲಿಲ್ಲ. ಒಳಗೆ ಹೋಗದ ಕಾರ್ಡನ್ನೂ ಸೇರಿಸಿಕೊಂಡು ಎಣಿಕೆ ಮುಂದೆ ಹೋಗುತ್ತಿತ್ತು. ಶುಕ್ರವಾರ ಮಾತ್ರ ಖಾಲಿ ಜಾಗದಲ್ಲಿ ಸೊನ್ನೆಯಿದ್ದು, ಉದ್ದವೂ ಸೊನ್ನೆಯಾಗಿ, ಎಲ್ಲ ಕಾರ್ಡೂ ಒಳಗೆ ಹೋಗಿದ್ದವು. ಆದರೆ ಆ ಜಾಗ ಖಾಲಿ ಯಾಕಿತ್ತು?

“ನಜಮುನ್ನಿಸಾ, ಈ ಮೂವರಿಗಿ ಗಂಡನ ಹೆಸರು ಯಾಕ ಹಾಕಿಲ್ಲ?”

ನಜಮುನ್ನಿಸಾ ಬುರ್ಖಾದ ಗುಂಡಿ ಹಾಕಿಕೊಳ್ಳುತ್ತಿದ್ದಳು. “ಅವ್ರು ಹೇಳ್ಲಿಲ್ರಿ ಬಾಯಾರ.”

“ಕೇಳಬೇಕಿತ್ತಲ್ಲ.”

“ಕೇಳೇನ್ರಿ. ಕೇಳಿದ್ರ ಮಾರಿ ಕೆಳಗ ಮಾಡ್ತಾರ. ಹೇಣ್ತಿ ಗಂಡನ ಹೆಸರು ಹ್ಯಾಂಗ ಹೇಳ್ತಾಳ್ರಿ?”

“ಮತ್ತ ಉಳಿದಾವ್ರು ಹೇಳ್ಯಾರಲ್ಲ?”

“ಅವ್ರೆಲ್ಲಿ ಹೇಳ್ಯಾರ?” ನಜಮುನ್ನಿಸಾಳಿಗೆ ನಗು ಬಂತು. “ಓಣಿಯಾವ್ರು, ನೆಗೆಣ್ಣಿ, ನಾದಿನಿ, ಯಾರರೆ ಜೋಡಿ ಬಂದಿರ್ತಾರ. ‘ಅಕ್ಕಾ, ನಮ್ಮಾವ್ರ ಹೆಸರು ನೀ ಹೇಳು’ ಅಂತಾಳ, ಆಕಿ ಹೇಳ್ತಾಳ. ಆಕಿದು ಈಕಿ ಹೇಳ್ತಾಳ. ಒಬ್ಬಾಕಿನೇ ಬಂದ್ರ ಯಾರು ಹೇಳ್ಬೇಕು? ನಾ ಖಾಲಿ ಬಿಟ್ಟು ಮುಂದಿನ ಕೀಲಿ ಒತ್ತತೇನಿ. ಮಿಷನ್ ಏನೂ ಅನ್ನಂಗಿಲ್ಲ, ತಗೋತದ.”

“ನನಗ ಒಂದು ಮಾತು ಹೇಳಬಾರದೇನು?”

“ಇದರಾಗೇನು ಹೇಳೋದ್ರಿ? ನಿಮಗ ಗೊತ್ತಿಲ್ಲೇನು?” ನಜಮುನ್ನಿಸಾ ಗುಂಡಿ ಬಿಟ್ಟು ಅವಳತ್ತ ತಿರುಗಿದಳು. “ಹೋಗ್ಲಿ, ನಿಮ್ಮ ಕಾರ್ಡ್ ಮಾಡ್ತೇನಿ. ಹೇಳ್ರಿ, ಜೇವರ್ಗಿ ಮಾಸ್ತರ ಹೆಸರೇನು?”

ಸುಭದ್ರಾ ಬಾಯಿ ತೆರೆದಳು. ಆರು ವರ್ಷದ ಸಂಸಾರ. ಅರ್ಜಿಗಳಲ್ಲಿ ಬರೆದಿದ್ದಾಳೆ, ಅಂಚೆಯ ಲಕೋಟೆಗಳ ಮೇಲೆ ದುಂಡಗೆ ಬರೆದ ಹೆಸರು. ಮನೆಯಲ್ಲಿ ‘ಏನ್ರಿ’, ಮಂದಿಯೆದುರು ‘ನಮ್ಮನಿಯವ್ರು’. ನಾಲಗೆಯ ಮೇಲೆ ಒಮ್ಮೆಯೂ ತಂದಿರಲಿಲ್ಲ. ಈಗಲೂ ಬರಲಿಲ್ಲ.

“ನೋಡ್ರಿ!” ಎಂದು ನಜಮುನ್ನಿಸಾ ಚಪ್ಪಾಳೆ ಹೊಡೆದಳು. “ನಾನೂ ಅಷ್ಟೇ. ನಮ್ಮ ರಸೂಲನ ಅಬ್ಬಾ ಅಂತೇನಿ, ಮುಗೀತು.”

ಬುಧವಾರ ದ್ರೌಪದಿಯ ಕಾರ್ಡನ್ನು ಐದು ಸಲ ಹಾಕಿದಾಗಲೂ ಆ ಜಾಗವನ್ನು ಸುಭದ್ರಾ ಐದು ಸಲವೂ ಎಚ್ಚರದಿಂದ ತುಂಬಿದ್ದಳು. ಗುರುವಾರ ನಾಲ್ಕು ತಾಸು ಪರದೆಯನ್ನೇ ನೋಡಿದ್ದಳು. ಎದುರಿಗೆ ತಲೆ ತಗ್ಗಿಸಿ ನಿಂತವರನ್ನು ನೋಡಿರಲಿಲ್ಲ.

“ಒಬ್ಬಾಕಿನೇ ಬರಾವ್ರು ಯಾರು?” ಎಂದಳು ಈಗ. ದನಿ ಗಟ್ಟಿಯಾಗಿತ್ತು. “ಎಲ್ಲಿಂದ ಬರ್ತಾರ?”

ನಜಮುನ್ನಿಸಾ ಬೆರಳು ಮಡಚಿ ಯೋಚಿಸಿದಳು. “ದ್ರೌಪದಿ ಬಂದಾಗ ಕರಜಗ್ಯಾಗ ಕಬ್ಬು ಕಡಿಯೋದು ನಡದಿತ್ತು, ಜೋಡಿ ಯಾರೂ ಬಂದಿರ್ಲಿಲ್ಲ. ಬಾಕಿ ಬಹಳ ಮಂದಿ ಸೊನ್ನದಿಂದ ಬರ್ತಾರ್ರಿ. ಬ್ಯಾರೇಜಿನ ಕೆಲಸಕ್ಕ ಬಂದಾರಲ್ಲ, ಜೇವರ್ಗಿ ಕಡಿಯಾವ್ರು. ಒಬ್ಬಾಕಿ ರಜಾ ಹಾಕಿದ್ರ ಒಬ್ಬಾಕಿದೇ ಕೂಲಿ ಹೋಗ್ತದಂತ ಜೋಡಿ ಬರಂಗಿಲ್ಲ.”

*

ಭಾನುವಾರ ಮುಂಜಾನೆಯ ಬಸ್ಸಿಗೆ ಇಬ್ಬರೂ ಸೊನ್ನಕ್ಕೆ ಹೊರಟರು. ಭೀಮೆಯ ದಂಡೆಯ ಮೇಲೆ ತಗಡಿನ ಶೆಡ್ಡುಗಳ ಎರಡು ಸಾಲು. ಅಂದು ಕೆಲಸಕ್ಕೆ ಬಿಡುವು. ಹೆಂಗಸರು ತಲೆ ಹಿಕ್ಕಿಕೊಳ್ಳುತ್ತ, ಕಾಳು ಹಸನು ಮಾಡುತ್ತ ಹೊರಗೇ ಕೂತಿದ್ದರು. “ಅಫಜಲಪುರದ ದವಾಖಾನಿಗಿ ಬಂದಾವ್ರು ಚೀಟಿ ತರ್ರೆವ್ವಾ,” ಎಂದು ನಜಮುನ್ನಿಸಾ ಸಾಲಿನುದ್ದಕ್ಕೂ ಕೂಗುತ್ತ ನಡೆದಳು.

ಚೀಟಿಗಳು ಬಂದವು. ತಗಡಿನ ಸಂದಿನಿಂದ, ಹಿಟ್ಟಿನ ಡಬ್ಬಿಯಿಂದ, ದೇವರ ಪಟದ ಹಿಂದಿನಿಂದ. ಸುಭದ್ರಾ ಒಂದು ಕಲ್ಲಿನ ಮೇಲೆ ಕೂತು ಮೊದಲು ಶಾಯಿಯ ಬಣ್ಣ ನೋಡುತ್ತಿದ್ದಳು, ಆಮೇಲೆ ಹೆಸರನ್ನು ಶನಿವಾರದವರೆಗೆ ಡಿಸ್ಕಿನಲ್ಲಿದ್ದವರ ಉದ್ದ ಪಟ್ಟಿಗೆ ಹೋಲಿಸುತ್ತಿದ್ದಳು. ನೀಲಿ. ನೀಲಿ. ಪಟ್ಟಿಯಲ್ಲಿ ಇಲ್ಲ. ನೀಲಿ, ಇಲ್ಲ. ಪಟ್ಟಿಯಲ್ಲಿಲ್ಲದ ಚೀಟಿ ಹದಿನೆಂಟು ಆದವು. ಎರಡನೆಯ ಸಾಲಿನ ಕಡೆಯ ಶೆಡ್ಡಿನಿಂದ ಒಬ್ಬಳು ಎರಡೂ ಕೈಯಲ್ಲಿ ಹೊಟ್ಟೆಯನ್ನು ಹಿಡಿದುಕೊಂಡು ನಿಧಾನಕ್ಕೆ ಬಂದಳು. ಅವಳ ಚೀಟಿಗೆ ಎಣ್ಣೆಯ ಕಲೆ ಹತ್ತಿತ್ತು. ಕಲೆಯ ನಡುವೆ ಕೆಂಪು.

ಭಾಗಮ್ಮ. ನೆಗೆಟಿವ್. ತಾರೀಖು ಬರುವ ಗುರುವಾರದ್ದು.

ಸುಭದ್ರಾ ಕಲ್ಲಿನಿಂದ ಎದ್ದಳು. ಚೀಟಿಯನ್ನು ಎರಡು ಸಲ ಓದಿದಳು. “ಭಾಗವ್ವಾ, ಇದು ಎಷ್ಟನೇದು?”

“ಮೊದಲನೇದ್ರಿ.”

“ನಾಳಿಗಿ ಬಸ್ಸಿಗಿ ಬಂದು ದವಾಖಾನ್ಯಾಗೇ ಉಳೀಬೇಕು. ಹಡದ ಮ್ಯಾಲ ನಿನಗೊಂದು ಸೂಜಿ ಅದ. ಅದು ಬೀಳದೆ ನೀ ಮನಿಗಿ ಹೋಗಂಗಿಲ್ಲ. ಇಲ್ಲಿ ಯಾರು ಏನೇ ಹೇಳಿದ್ರೂ ಹೋಗಂಗಿಲ್ಲ.”

ಭಾಗಮ್ಮ ಗಾಬರಿಯಿಂದ ತಲೆಯಾಡಿಸಿದಳು. ನಜಮುನ್ನಿಸಾ ಅವಳ ಗಲ್ಲ ಹಿಡಿದು ನೋಡಿದಳು. “ಹಾಂ, ನೆಪ್ಪಾತು. ಗಂಡನ ಹೆಸರು ಕೇಳಿದ್ರ ಗೋಡಿ ನೋಡ್ಕೋತ ನಿಂತಾಕಿ ನೀನೇ ಅಲ್ಲೇನು? ಪದ ಕಟ್ಟಿ ಒಡಪು ಹಾಕಿ ಹೇಳ್ಬಾರ್ದಿತ್ತೇನು ಬೇ?”

“ಅಲ್ಲಿ ಒಬ್ಬಾಕಿನೇ ನಿಂತು ಒಡಪು ಹೇಳ್ಲೇನ್ರಿ?” ಎಂದಳು ಭಾಗಮ್ಮ. “ಕೇಳಾವ್ರು ಯಾರು ಇದ್ರು?”

“ಈಗ ನಾವು ಇದ್ದೀವಲ್ಲ, ಹೇಳು!” ಹೆಂಗಸರೆಲ್ಲ ಸುತ್ತ ನೆರೆದರು. ಹೇಳಲೇಬೇಕೆಂದು ಹಟ ಹಿಡಿದರು. ಭಾಗಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಒಂದೇ ಉಸಿರಿನಲ್ಲಿ ಹೇಳಿದಳು:

“ಹೊಳಿಗಿ ಹಾಕ್ಯಾರ ಕಲ್ಲಿನ ಕಟ್ಟಿ,
ದಶರಥರಾಯರಿಗಿ ಕಟ್ಟೇನಿ ಎರಡು ಬಿಳಿಜೋಳದ ರೊಟ್ಟಿ.”

ಕೇಕೆ ಎದ್ದಿತು. ಶೆಡ್ಡಿನ ಬಾಗಿಲಲ್ಲಿ ಬೀಡಿ ಸೇದುತ್ತಿದ್ದ ದಶರಥ ಎದ್ದು ಹಿಂದಕ್ಕೆ ಹೋಗಿಬಿಟ್ಟ. “ಎರಡೇ ರೊಟ್ಟಿ? ಅದಕ್ಕೇ ಅಂವ ಸೊರಗ್ಯಾನ!” ಎಂದಳು ಒಬ್ಬ ಮುದುಕಿ. ಆಮೇಲೆ ಎಲ್ಲರ ಕಣ್ಣೂ ಸುಭದ್ರಾಳ ಕಡೆ ತಿರುಗಿತು.

“ಬಾಯಾರ, ಈಗ ನಿಮ್ಮ ಪಾಳಿ.”

“ನನಗ ಒಡಪು ಬರಂಗಿಲ್ರೆವ್ವಾ.”

“ಹಂಗ ಬಿಟ್ರ ನಡೀತದೇನು? ನಮ್ಮದೆಲ್ಲಾ ಕೇಳ್ಕೊಂಡು ಹೋಗಾಕಿ.”

ಸುಭದ್ರಾ ಪೆನ್ನು ತೆಗೆದು ಪಟ್ಟಿಯ ಅಂಚಿನಲ್ಲಿ ಆ ಹೆಸರನ್ನು ಬರೆದು ತೋರಿಸಿದಳು. ಹೆಂಗಸರು ಬಗ್ಗಿ ನೋಡಿ, ಒಬ್ಬರ ಮುಖವನ್ನೊಬ್ಬರು ನೋಡಿದರು. “ಅದು ನಮಗೆಲ್ಲಿ ಓದ್ಲಿಕ್ಕಿ ಬರ್ತದ?” ಎಂದಳು ಭಾಗಮ್ಮ, ಮೊದಲ ಸಲ ನಗುತ್ತ.

ನಜಮುನ್ನಿಸಾ ಕಾಗದವನ್ನು ಕಸಿದುಕೊಂಡಳು. “ಚಂದ್ರಾಮಪ್ಪ!” ಎಂದು ಹೊಳೆಗೆ ಕೇಳುವಂತೆ ಕೂಗಿದಳು.

*

ಸೋಮವಾರ ಮುಂಜಾನೆ ಆರಕ್ಕೆ ಸುಭದ್ರಾ ಐದೂ ಆಯ್ಕೆಗಳನ್ನು ತೆಗೆದುಹಾಕಿ ಲೈಬ್ರರಿಯನ್ನು ಕೊನೆಯ ಸಲ ಕಟ್ಟಿದಳು. ಗುಡಿಸುವವರು ಬೇಡ, ಇಟ್ಟಿಗೆ ಬೇಡ, ಕೋಣೆಯಲ್ಲಿ ಮೊದಲಿನ ಕಸವೇ ಇರಲಿ. ಅದರಲ್ಲೇ ನಡೆದರೆ ಮಾತ್ರ ನಡೆದಂತೆ. ತನ್ನ ಪ್ರೋಗ್ರಾಮನ್ನು ಶನಿವಾರವೇ ತಿದ್ದಿದ್ದಳು. ಇನ್ನು ಕಾರ್ಡಿನ ಗುರುತು ಒಂದು ಅಂಕಿ. ಅದೇ ಅಂಕಿ ಚೀಟಿಯ ಮೇಲೂ ಇರುತ್ತದೆ. ಗಂಡನ ಹೆಸರು ಹೇಳಿದರೆ ಸರಿ, ಹೇಳದಿದ್ದರೂ ಸರಿ. ಲೈಬ್ರರಿ ಬೇಡವೆಂದರೆ ಕಂಪ್ಯೂಟರು ಚೀರುತ್ತದೆ, ಮುಂದಿನ ಕಾರ್ಡಿಗೆ ಹೋಗಲು ಬಿಡುವುದಿಲ್ಲ. ಗಂಡನ ಹೆಸರಿಲ್ಲದ ಇಪ್ಪತ್ತು ಕಾರ್ಡುಗಳನ್ನು ಹಾಕಿ ನೋಡಿದಳು. ಇಪ್ಪತ್ತೂ ಬಂದವು. ಕರೆಂಟು ಹೋಗಲು ಹತ್ತು ನಿಮಿಷವಿದ್ದಾಗ ಮತ್ತೆ ಇಪ್ಪತ್ತು ಹಾಕಿದಳು.

ಹನ್ನೆರಡಕ್ಕೆ ನಜಮುನ್ನಿಸಾ ಸೊನ್ನದ ಹತ್ತೊಂಬತ್ತು ಚೀಟಿಗಳನ್ನು ಟೈಪ್ ಮಾಡಿದಳು. ಭಾಗಮ್ಮ ಬೆಂಚಿನ ಮೇಲೆ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅವಳ ಸರದಿ ಬಂದಾಗ ನಜಮುನ್ನಿಸಾಳ ಬೆರಳು ದಶರಥನ ಹೆಸರಿಗೆ ಹೋಯಿತು.

“ಬ್ಯಾಡ,” ಎಂದಳು ಸುಭದ್ರಾ. “ಖಾಲಿ ಬಿಡು. ಖಾಲಿ ಬಿಟ್ಟೇ ನೋಡಬೇಕು.”

ಮುದ್ರಕ ಕರಕರ ಎಂದು ಪಟ್ಟಿ ಹೊರಹಾಕಿತು. ಭಾಗಮ್ಮ, ಸೊನ್ನ, ನೆಗೆಟಿವ್, ಗುರುವಾರ. ಪಕ್ಕದ ಜಾಗ ಬಿಳಿ. ಸುಭದ್ರಾ ಪಟ್ಟಿಯನ್ನು ಡಾಕ್ಟರ ಮೇಜಿನ ಮೇಲಿಟ್ಟು, ಅವರು ಕೇಳಿದ್ದ ಕಾಗದವನ್ನೂ ಇಟ್ಟಳು. ಅದನ್ನು ಬರೆಯಲು ಅವಳಿಗೆ ಅರ್ಧ ತಾಸು ಹಿಡಿದಿತ್ತು. ‘ಇಂದಿನಿಂದ ಕೌಂಟರಿಗೆ ಬಂದ ಯಾರ ಹೆಸರೂ ಈ ಪಟ್ಟಿಯಿಂದ ತಪ್ಪುವುದಿಲ್ಲ. ಹಿಂದೆ ತಪ್ಪಿದವರಲ್ಲಿ ಹತ್ತೊಂಬತ್ತು ಜನ ಸಿಕ್ಕಿದ್ದಾರೆ. ಉಳಿದವರು ಸಿಗುವವರೆಗೆ ಪ್ರತಿ ಹೆರಿಗೆಯಲ್ಲೂ ಚೀಟಿಯನ್ನು ಮೊದಲು ನೋಡತಕ್ಕದ್ದು.’

ಡಾಕ್ಟರು ಓದಿದರು. “ನಂಬಬಹುದು ಅಂತ ಒಂದೇ ಮಾತು ಕೇಳಿದ್ದೆ ನಾ.”

“ಎಷ್ಟು ನಂಬಬೇಕಂತ ಬರದೇನ್ರಿ.”

ಅವರು ಸಹಿ ಹಾಕಿ, “ಆಳಂದಕ್ಕ ಯಾವಾಗ ಹೋಗ್ತೀರಿ?” ಎಂದರು.

“ಭಾಗಮ್ಮಂದು ಆಗ್ಲಿರಿ.”

ಮರೆಮ್ಮ ಅದೇ ಸಂಜೆ ಥರ್ಮಾಸಿನೊಂದಿಗೆ ಗುಲಬರ್ಗಾಕ್ಕೆ ಹೋದಳು, ಈ ಸಲ ಓಡದೆ. ಭಾಗಮ್ಮ ಒಂದು ದಿನ ಮೊದಲೇ, ಬುಧವಾರ ಮುಂಜಾನೆ ಒಂಬತ್ತಕ್ಕೆ ಹೆತ್ತಳು. ಗಂಡು ಕೂಸು, ರಕ್ತ ಪಾಸಿಟಿವ್. ಸುಭದ್ರಾ ಹೆರಿಗೆ ಕೋಣೆಯ ಹೊರಗೆ ನಿಂತು, ಗೋಡೆಯ ಗಡಿಯಾರವನ್ನೂ ತನ್ನ ಕೈಗಡಿಯಾರವನ್ನೂ ಒಂದಕ್ಕೊಂದು ಹೋಲಿಸುತ್ತಿದ್ದಳು. ಮರೆಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಕೊಟ್ರೇನ್ರಿ?”

“ಕೊಟ್ಟೆ.”

“ಎಷ್ಟು ತಾಸಿಗಿ?”

“ನಾಲ್ಕನೇ ತಾಸಿಗಿ,” ಎಂದಳು ಮರೆಮ್ಮ. “ಬರಕೋ.”

ಸುಭದ್ರಾ ಕೌಂಟರಿಗೆ ಹೋಗಿ ಭಾಗಮ್ಮನ ಅಂಕಿ ಒತ್ತಿದಳು. ಕಾರ್ಡು ಬಂತು. ಬರೆದಳು, ಮುಚ್ಚಿದಳು. ಮತ್ತೆ ಅಂಕಿ ಒತ್ತಿ, ಬಂತೋ ಇಲ್ಲವೋ ಎಂದು ಇನ್ನೊಮ್ಮೆ ನೋಡಿದಳು.